ಹೆಸರಿಲ್ಲದ ಆಪಾದಕರು

ಸಾಕ್ರೆಟೀಸನ ಹೆಸರನ್ನು ಕೇಳದ ಜೈನ ಮನೆ ಇಂದು ಅಪರೂಪ. ದಶಲಕ್ಷಣ ಪರ್ವದಲ್ಲಿ ಉತ್ತಮ ಸತ್ಯದ ದಿನ ಪ್ರವಚನಕಾರರು ಹರಿಶ್ಚಂದ್ರನ ಜೊತೆಗೆ ಅವನನ್ನೂ ಒಮ್ಮೆ ನೆನೆಯುವುದುಂಟು. ವಿಷದ ಬಟ್ಟಲನ್ನು ಕಳವಳವಿಲ್ಲದೆ ಕೈಗೆತ್ತಿಕೊಂಡ ಮುದುಕನ ಚಿತ್ರ ಸಭೆಯ ಮುಂದೆ ಬರುತ್ತದೆ. ಕೆಲವರು ಅದನ್ನು ಸಮಾಧಿಮರಣಕ್ಕೆ ಹೋಲಿಸುತ್ತಾರೆ. ಈ ಹೋಲಿಕೆ ಸಲ್ಲದು. ಸಲ್ಲೇಖನವು ಸಾಧಕನು ಗುರುವಿನ ಅನುಮತಿಯಿಂದ ತಾನಾಗಿ ಸ್ವೀಕರಿಸುವ ವ್ರತ; ಸಾಕ್ರೆಟೀಸನಿಗೆ ಬಂದದ್ದು ನ್ಯಾಯಸಭೆ ವಿಧಿಸಿದ ಮರಣದಂಡನೆ. ಆದರೂ ನಮಗೆ ಈ ಹೋಲಿಕೆ ಪ್ರಿಯವಾಗಿರುವುದಕ್ಕೆ ಒಂದು ಕಾರಣವಿದೆ. ಅವನ ಸಾವನ್ನು ಕೊಂಡಾಡಿಬಿಟ್ಟರೆ ಅವನ ಮಾತನ್ನು ಕೇಳುವ ಹೊಣೆಯಿಂದ ಪಾರಾಗಬಹುದು.

ಆ ಮಾತನ್ನು ಈಗ ಕೇಳಬೇಕಾಗಿದೆ. ಕ್ರಿ.ಪೂ. 399ರಲ್ಲಿ, ಎಪ್ಪತ್ತರ ವಯಸ್ಸಿನಲ್ಲಿ, ಅಥೆನ್ಸಿನ ಸುಮಾರು 500 ಮಂದಿ ಪೌರರ ನ್ಯಾಯಸಭೆಯ ಮುಂದೆ ಅವನು ಮಾಡಿದ ಪ್ರತಿವಾದವನ್ನು ಶಿಷ್ಯ ಪ್ಲೇಟೋ ಬರೆದಿಟ್ಟಿದ್ದಾನೆ. ಕನ್ನಡದ ಓದುಗರಿಗೆ ಎ. ಎನ್. ಮೂರ್ತಿರಾಯರು ಸಾಕ್ರೆಟೀಸನ ಕೊನೆಯ ದಿನಗಳನ್ನು ಪರಿಚಯಿಸಿ ಬಹುಕಾಲವಾಯಿತು. ಆಪಾದಿಸಿದವರು ಮೂವರು: ಮೆಲೀಟಸ್, ಅನೈಟಸ್, ಲೈಕಾನ್. ಆಪಾದನೆ ಎರಡು: ನಗರವು ನಂಬುವ ದೇವತೆಗಳನ್ನು ನಂಬದೆ ಹೊಸ ದೈವಗಳನ್ನು ತಂದನೆಂಬುದು ಒಂದು, ಯುವಕರನ್ನು ಕೆಡಿಸಿದನೆಂಬುದು ಮತ್ತೊಂದು. ಅಪರಾಧಿಯೆಂದು ಮತ ಹಾಕಿದವರ ಸಂಖ್ಯೆ ಅಷ್ಟೇನೂ ಹೆಚ್ಚಿರಲಿಲ್ಲ. ಮೂವತ್ತು ಮತಗಳು ಆಚೆಯಿಂದ ಈಚೆಗೆ ಬಂದಿದ್ದರೆ ತಾನು ಬಿಡುಗಡೆ ಹೊಂದುತ್ತಿದ್ದೆನೆಂದು ಸಾಕ್ರೆಟೀಸನೇ ಹೇಳುತ್ತಾನೆ.

ಪ್ರತಿವಾದದ ಆರಂಭದಲ್ಲಿ ಅವನು ಮಾಡುವ ಒಂದು ವಿಂಗಡಣೆಯನ್ನು ಓದುಗರು ಸಾಮಾನ್ಯವಾಗಿ ದಾಟಿ ಹೋಗುತ್ತಾರೆ. ತನ್ನ ಆಪಾದಕರಲ್ಲಿ ಎರಡು ವರ್ಗಗಳಿವೆ ಎನ್ನುತ್ತಾನೆ. ಮೆಲೀಟಸ್ ಮುಂತಾದವರು ಈಚಿನವರು. ಅವರಿಗೆ ಮುಖವಿದೆ, ಹೆಸರಿದೆ, ಅವರನ್ನು ನಿಲ್ಲಿಸಿ ಪ್ರಶ್ನಿಸಬಹುದು. ಅವನು ಹೆಚ್ಚು ಹೆದರುವುದು ಹಳಬರಿಗೆ. ಅವರು ಹಲವಾರು ವರ್ಷಗಳಿಂದ ಮಾತಾಡುತ್ತ ಬಂದವರು. ಈ ನ್ಯಾಯಾಧೀಶರು ಮಕ್ಕಳಾಗಿದ್ದಾಗಲೇ ಅವರ ಕಿವಿಗೆ ಬಿದ್ದವರು. ಅವರಲ್ಲಿ ಒಬ್ಬ ನಾಟಕಕಾರನ ಹೊರತು ಯಾರ ಹೆಸರೂ ತಿಳಿಯದು. ಆ ನಾಟಕಕಾರ ಅರಿಸ್ಟೋಫನೀಸ್, ಕ್ರಿ.ಪೂ. 423ರಲ್ಲಿ ಆಡಿಸಿದ ಪ್ರಹಸನದಲ್ಲಿ ಅವನು ಸಾಕ್ರೆಟೀಸನನ್ನು ಬುಟ್ಟಿಯಲ್ಲಿ ಕೂರಿಸಿ ಆಕಾಶದಲ್ಲಿ ತೂಗಾಡಿಸಿದ್ದ. ಜನ ನಕ್ಕರು, ಮನೆಗೆ ಹೋದರು, ಮಾತು ಉಳಿಯಿತು. ಇಪ್ಪತ್ತನಾಲ್ಕು ವರ್ಷಗಳ ಬಳಿಕ ಆ ಮಾತು ನ್ಯಾಯಸಭೆಯ ಪೀಠದ ಮೇಲೆ ಕುಳಿತಿತ್ತು. ಈ ಹಳೆಯ ಆಪಾದಕರನ್ನು ಕರೆತಂದು ಪಾಟೀಸವಾಲು ಮಾಡಲಾಗದು, ಆದ್ದರಿಂದ ತಾನು ನೆರಳುಗಳೊಡನೆ ಹೋರಾಡಬೇಕಾಗಿದೆಯೆಂಬುದು ಅವನ ಅಳಲು.

ಒಬ್ಬ ಮನುಷ್ಯನ ವಿಚಾರಣೆ ನ್ಯಾಯಾಲಯದಲ್ಲಿ ಆರಂಭವಾಗುವುದಕ್ಕೆ ಬಹಳ ಮುಂಚೆಯೇ ಊರ ಬಾಯಲ್ಲಿ ಮುಗಿದುಹೋಗಿರುತ್ತದೆಂಬ ಈ ಅರಿವನ್ನು ಮನಸ್ಸಿನಲ್ಲಿಟ್ಟುಕೊಂಡು ನಮ್ಮ ನಾಡಿನ ಕೆಲವು ಪ್ರಸಂಗಗಳನ್ನು ನೋಡೋಣ.

ಗಿಂಡಿಯ ಸರ್ದಾರ್ ಪಟೇಲ್ ರಸ್ತೆಯಲ್ಲಿ, ಜಿಂಕೆಗಳ ಕಾಡಿನ ಮಗ್ಗುಲಿಗೆ, 1956ರಲ್ಲಿ ತೆರೆದ ಗಾಂಧಿ ಮಂಟಪವಿದೆ. ಅದೇ ಆವರಣದಲ್ಲಿ ರಾಜಾಜಿಯವರ ಸ್ಮಾರಕವೂ ಇದೆ. ಚೆನ್ನೈಯಲ್ಲಿ ನೆಲೆಸಿದ ನಮ್ಮ ಕುಟುಂಬಗಳು ಭಾನುವಾರ ಸಂಜೆ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯುತ್ತವೆ. ಆ ಮಕ್ಕಳಿಗೆ ನಾವು ಹೇಳದಿರುವ ಸಂಗತಿಯೆಂದರೆ, ಈ ಇಬ್ಬರೂ ಸಾಕ್ರೆಟೀಸನನ್ನು ತಮ್ಮ ತಾಯ್ನುಡಿಗೆ ತಂದವರು.

ಗಾಂಧೀಜಿ 1908ರಲ್ಲಿ ದಕ್ಷಿಣ ಆಫ್ರಿಕಾದ ‘ಇಂಡಿಯನ್ ಒಪಿನಿಯನ್’ ಪತ್ರಿಕೆಯಲ್ಲಿ ಈ ಪ್ರತಿವಾದವನ್ನು ಗುಜರಾತಿಯಲ್ಲಿ ಸಂಗ್ರಹಿಸಿ ಕಂತುಕಂತಾಗಿ ಪ್ರಕಟಿಸಿದರು. ಅದಕ್ಕೆ ಅವರಿತ್ತ ಶೀರ್ಷಿಕೆಯ ಅರ್ಥ ‘ಒಬ್ಬ ಸತ್ಯವೀರನ ಕಥೆ’. ಅವರ ಕಣ್ಣಿಗೆ ಸಾಕ್ರೆಟೀಸನು ಸತ್ಯಾಗ್ರಹಿ. 1910ರಲ್ಲಿ ಮುಂಬಯಿ ಸರಕಾರ ಈ ಪುಟ್ಟ ಪುಸ್ತಕವನ್ನು ‘ಹಿಂದ್ ಸ್ವರಾಜ್’ ಜೊತೆಗೆ ನಿಷೇಧಿಸಿತು. ಎರಡು ಸಾವಿರದ ಮುನ್ನೂರು ವರ್ಷಗಳ ಹಿಂದೆ ಸತ್ತ ಮುದುಕನೊಬ್ಬನ ಮಾತಿಗೆ ಒಂದು ಸಾಮ್ರಾಜ್ಯ ಹೆದರಿತು.

ಗಾಂಧೀಜಿ ಈ ಮಾತನ್ನು ಪುಸ್ತಕದಿಂದ ಮಾತ್ರ ಕಲಿತವರಲ್ಲ. 1888ರಲ್ಲಿ, ಅವರಿನ್ನೂ ಹದಿನೆಂಟರ ತರುಣನಾಗಿದ್ದಾಗ, ವಿಲಾಯಿತಿಗೆ ಹೊರಟ ಕಾರಣಕ್ಕೆ ಮುಂಬಯಿಯಲ್ಲಿ ಮೋಢ ಬನಿಯಾ ಜಾತಿಸಭೆ ಸೇರಿತು. ಸಮುದ್ರಯಾನ ಧರ್ಮಕ್ಕೆ ವಿರುದ್ಧವೆಂದು ಶೇಟ್ ಹೇಳಿದರು. ಹೋಗಿಯೇ ತೀರುತ್ತೇನೆಂದು ತರುಣ ವಿನಯದಿಂದಲೇ ಉತ್ತರಿಸಿದ. ಅವನನ್ನು ಜಾತಿಯಿಂದ ಹೊರಗಿಟ್ಟು, ಅವನಿಗೆ ನೆರವಾದವರಿಗೂ ಬಂದರಿನಲ್ಲಿ ಬೀಳ್ಕೊಡಲು ಹೋದವರಿಗೂ ಒಂದು ರೂಪಾಯಿ ನಾಲ್ಕಾಣೆ ದಂಡ ಗೊತ್ತುಮಾಡಲಾಯಿತು. ಇದು ಅವರ ಆತ್ಮಕಥೆಯಲ್ಲೇ ಇದೆ. ಅದೇ ಪುಸ್ತಕದ ಇನ್ನೊಂದು ವಿವರ ನಮಗೆ ಹತ್ತಿರದ್ದು. ತಾಯಿ ಪುತಲೀಬಾಯಿಯವರ ಅಂಜಿಕೆಯನ್ನು ಕಳೆದು ಪ್ರಯಾಣದ ದಾರಿ ತೆರೆದವರು ಬೇಚರಜಿ ಸ್ವಾಮಿ ಎಂಬ ಜೈನ ಸಾಧುಗಳು. ಮದ್ಯ, ಮಾಂಸ, ಪರಸ್ತ್ರೀಯರನ್ನು ಮುಟ್ಟುವುದಿಲ್ಲವೆಂದು ಅವರು ತರುಣನಿಂದ ಪ್ರತಿಜ್ಞೆ ಮಾಡಿಸಿದರು. ಜಾತಿಯ ಹಿರಿಯರಿಗೆ ಕಂಡದ್ದು ಕಟ್ಟುಪಾಡಿನ ಉಲ್ಲಂಘನೆ. ಸಾಧುಗಳು ನೋಡಿದ್ದು ಆ ಹುಡುಗನ ನಡತೆಯನ್ನು ಕಾಯುವ ಬಗೆಯನ್ನು. ಒಂದೇ ಪ್ರಶ್ನೆಯನ್ನು ಇಬ್ಬರೂ ಧರ್ಮದ ಹೆಸರಿನಲ್ಲೇ ನೋಡಿದರು.

ಮುಂದೆ 1922ರ ಮಾರ್ಚ್ 18ರಂದು ಅಹಮದಾಬಾದಿನಲ್ಲಿ ಗಾಂಧೀಜಿ ರಾಜದ್ರೋಹದ ಆಪಾದನೆಯ ಮೇಲೆ ನ್ಯಾಯಾಧೀಶ ಬ್ರೂಮ್‌ಫೀಲ್ಡರ ಮುಂದೆ ನಿಂತರು. ಸಾಕ್ರೆಟೀಸನು ತಾನು ನಿರಪರಾಧಿಯೆಂದು ವಾದಿಸಿದ್ದ. ಗಾಂಧೀಜಿ ಆಪಾದನೆಯನ್ನು ಒಪ್ಪಿಕೊಂಡು, ಇದು ಅಪರಾಧವಾದರೆ ಅತಿ ಹೆಚ್ಚಿನ ಶಿಕ್ಷೆಯನ್ನೇ ಕೊಡಿರೆಂದು ಕೇಳಿದರು. ಆರು ವರ್ಷಗಳ ಸೆರೆವಾಸ ವಿಧಿಸಲಾಯಿತು. ದಾರಿಗಳು ಬೇರೆಯಾದರೂ ಇಬ್ಬರಲ್ಲೂ ಕಾಣುವ ಒಂದು ಗುಣವುಂಟು: ಕರುಣೆಯನ್ನು ಬೇಡಲಿಲ್ಲ. ಮೂವರು ಮಕ್ಕಳ ತಂದೆಯಾದ ಸಾಕ್ರೆಟೀಸನು ಅವರನ್ನು ಸಭೆಗೆ ತಂದು ಅಳಿಸಲು ಒಪ್ಪಲಿಲ್ಲ. ಹಾಗೆ ಮಾಡಿದರೆ ನ್ಯಾಯಾಧೀಶರು ತಮ್ಮ ಪ್ರತಿಜ್ಞೆಯನ್ನು ಮುರಿಯುವಂತೆ ತಾನೇ ಒತ್ತಾಯಿಸಿದಂತಾಗುತ್ತದೆಂಬುದು ಅವನ ವಾದ.

ಇನ್ನು ರಾಜಾಜಿ. ಹೊಸೂರಿನ ಬಳಿಯ ತೊರಪಳ್ಳಿಯಲ್ಲಿ ಹುಟ್ಟಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದ ಅವರು ಸಾಕ್ರೆಟೀಸನ ಕುರಿತು ತಮಿಳಿನಲ್ಲಿ ಬರೆದವರು. ಆದರೆ 1938ರಲ್ಲಿ, ಅವರು ಮದ್ರಾಸ್ ಪ್ರಾಂತದ ಪ್ರಧಾನಿಯಾಗಿದ್ದಾಗ, ಶಾಲೆಗಳಲ್ಲಿ ಕಡ್ಡಾಯ ಹಿಂದಿಯನ್ನು ವಿರೋಧಿಸಿದವರ ಮೇಲೆ ಕ್ರಿಮಿನಲ್ ಕಾನೂನು ತಿದ್ದುಪಡಿ ಕಾಯಿದೆಯನ್ನು ಪ್ರಯೋಗಿಸಿದರು. ಸೆರೆಗೆ ಹೋದವರಲ್ಲಿ ಮನೆಮಾತು ಕನ್ನಡವಾಗಿದ್ದ ಈರೋಡಿನ ಇ. ವೆ. ರಾಮಸ್ವಾಮಿ ಒಬ್ಬರು; ಅವರನ್ನೇ ನಾಡು ಪೆರಿಯಾರ್ ಎನ್ನುತ್ತದೆ. ಆ ವರ್ಷದ ಕೊನೆಯಲ್ಲಿ ಮದ್ರಾಸಿನ ನ್ಯಾಯಾಲಯದಲ್ಲಿ ಅವರು ತಮ್ಮ ಪರವಾಗಿ ವಾದ ಹೂಡಲಿಲ್ಲ. ಈ ಆಡಳಿತದಲ್ಲಿ ನ್ಯಾಯವನ್ನು ನಿರೀಕ್ಷಿಸುವುದಿಲ್ಲ, ಹೆಚ್ಚಿನ ಶಿಕ್ಷೆಯನ್ನೇ ಕೊಡಬಹುದೆಂಬುದು ಅವರ ಹೇಳಿಕೆಯ ತಿರುಳಾಗಿತ್ತು. ದೇವರು, ಧರ್ಮಗಳ ಬಗ್ಗೆ ಪೆರಿಯಾರರು ಆಡಿದ ಮಾತುಗಳಲ್ಲಿ ಹಲವು ನಮಗೆ ಒಪ್ಪಿಗೆಯಾಗಲಾರವು. ಆ ದಿನ ಕಟಕಟೆಯಲ್ಲಿ ನಿಂತ ರೀತಿಯಲ್ಲಿ ಅವರು ಗಾಂಧೀಜಿಯ ಸಾಲಿನವರೇ. ಗಾಂಧೀಜಿಯ ಆಪ್ತರಾದ ರಾಜಾಜಿ ಆಪಾದಕರ ಕಡೆಯಲ್ಲಿದ್ದರು.

ಇದನ್ನು ಹೇಳಿದ್ದು ರಾಜಾಜಿಯವರನ್ನು ಹೀನಾಯಿಸಲಿಕ್ಕಲ್ಲ. ಸಾಕ್ರೆಟೀಸನನ್ನು ಓದಿ ಮೆಚ್ಚಿದವನು ಕೂಡ ಅಧಿಕಾರದ ಗಾದಿಯಲ್ಲಿ ಕುಳಿತಾಗ ಎದುರಿಗಿರುವ ಸಾಕ್ರೆಟೀಸನನ್ನು ಗುರುತಿಸಲಾರ. ಅವನಿಗೆ ಕಾಣುವುದು ಶಾಂತಿಭಂಗ ಮಾಡುವವನೊಬ್ಬ ಮಾತ್ರ. ಇದು ಸಜ್ಜನರಿಗೂ ಸಂಭವಿಸುವುದರಿಂದಲೇ ಗಂಭೀರವಾದ ಸಂಗತಿ. ಈ ಇಬ್ಬರ ಕಥೆಗೆ ಮತ್ತೊಂದು ಮುಖವೂ ಇದೆ. ರಾಜಕೀಯದಲ್ಲಿ ಜೀವನವಿಡೀ ಎದುರುಬದುರಾಗಿದ್ದ ಅವರು ಸ್ನೇಹವನ್ನು ಬಿಡಲಿಲ್ಲ. 1972ರ ಡಿಸೆಂಬರಿನಲ್ಲಿ ರಾಜಾಜಿ ತೀರಿಕೊಂಡಾಗ ಮುಪ್ಪಿನ ಪೆರಿಯಾರ್ ಅಂತ್ಯಕ್ರಿಯೆಗೆ ಬಂದು ಕಣ್ಣೀರಿಟ್ಟರು. ಮತವನ್ನು ಖಂಡಿಸುವಾಗ ಮನುಷ್ಯನನ್ನು ಉಳಿಸಿಕೊಳ್ಳುವುದು ಸಾಧ್ಯವೆಂಬುದಕ್ಕೆ ಅನೇಕಾಂತದ ಹೆಸರೆತ್ತದ ಇಬ್ಬರಿಂದ ನಮಗೆ ದೊರೆತ ನಿದರ್ಶನವಿದು.

ಅನೇಕಾಂತದ ವಾರಸುದಾರರಾದ ನಮ್ಮ ಕಥೆಯೇನು? ನಮ್ಮ ಪರಂಪರೆಯ ಮೂಲದಲ್ಲಿರುವುದು ಪ್ರಶ್ನೆ. ಇಂದ್ರಭೂತಿ ಗೌತಮರು ಮಹಾವೀರಸ್ವಾಮಿಯ ಬಳಿಗೆ ಬಂದದ್ದು ವಾದದಲ್ಲಿ ಗೆಲ್ಲುವ ಉದ್ದೇಶದಿಂದ, ಆತ್ಮದ ಇರವಿನ ಬಗ್ಗೆ ಸಂದೇಹವನ್ನು ಹೊತ್ತು. ಆ ಸಂದೇಹಿಯೇ ಮೊದಲ ಗಣಧರರಾದರು. ಸಮಂತಭದ್ರಾಚಾರ್ಯರ ಆಪ್ತಮೀಮಾಂಸೆ ಇನ್ನೂ ಮುಂದಕ್ಕೆ ಹೋಗುತ್ತದೆ. ದೇವತೆಗಳ ಆಗಮನ, ಆಕಾಶಗಮನ, ಚಾಮರ ಮೊದಲಾದ ವೈಭವಗಳು ಮಾಯಾವಿಗಳಲ್ಲೂ ಕಾಣುತ್ತವೆ, ಅಷ್ಟರಿಂದಲೇ ಜಿನನನ್ನು ಹಿರಿಯನೆಂದು ಒಪ್ಪಲಾಗದೆಂಬ ನಿಲುವಿನಿಂದ ಆ ಕೃತಿ ತೊಡಗುತ್ತದೆ. ಆರಾಧ್ಯನನ್ನೇ ಪರೀಕ್ಷೆಗೆ ಒಡ್ಡಿದ ಆಚಾರ್ಯರನ್ನು ನಾವು ಸಂಘದಿಂದ ಹೊರಗಿಡಲಿಲ್ಲ, ಸ್ತುತಿಕಾರರೆಂದು ಪೂಜಿಸಿದೆವು.

ಅದೇ ಸಮಾಜ ರತ್ನಾಕರವರ್ಣಿಯನ್ನು ನಡೆಸಿಕೊಂಡ ಬಗೆಯೂ ನೆನಪಿರಲಿ. ಹದಿನಾರನೆಯ ಶತಮಾನದ ಮೂಡುಬಿದಿರೆಯ ಆ ಕವಿಯ ‘ಭರತೇಶ ವೈಭವ’ ಇಂದು ನಮ್ಮ ಹೆಮ್ಮೆ. ದೇವಚಂದ್ರನ ‘ರಾಜಾವಳೀ ಕಥೆ’ ಉಳಿಸಿದ ಐತಿಹ್ಯದ ಪ್ರಕಾರ, ಕಾವ್ಯವನ್ನು ಆನೆಯ ಮೇಲೆ ಮೆರೆಸಬೇಕೆಂದು ಕವಿ ಕೇಳಿದಾಗ, ಕೆಲವು ಪದ್ಯಗಳು ಶಾಸ್ತ್ರಕ್ಕೆ ವಿರುದ್ಧವೆಂದು ಗುರುಪೀಠ ನಿರಾಕರಿಸಿತು. ಜಗಳ ಬೆಳೆದು ಶ್ರಾವಕರ ಮನೆಗಳಲ್ಲಿ ಅವನಿಗೆ ಊಟ ದೊರೆಯದಂತೆ ಕಟ್ಟಾಯಿತು. ಅವನು ವೀರಶೈವನಾದ, ಕಾಲಾನಂತರದಲ್ಲಿ ಮರಳಿ ಬಂದ. ಐತಿಹ್ಯದಲ್ಲಿ ಇತಿಹಾಸ ಎಷ್ಟೆಂಬುದು ವಿದ್ವಾಂಸರ ವಿಚಾರ. ಆದರೆ ಇಂತಹ ಕಥೆಯನ್ನು ನಮ್ಮವರೇ ಬರೆದಿಟ್ಟರು, ನಮ್ಮವರಿಗೆ ಅದು ಅಸಂಭವವೆಂದು ತೋರಲಿಲ್ಲ. ತನಗೆ ತಕ್ಕ ‘ಶಿಕ್ಷೆ’ಯೆಂದರೆ ನಗರದ ಖರ್ಚಿನಲ್ಲಿ ಪೌರಭವನದಲ್ಲಿ ಊಟವೆಂದು ಸಾಕ್ರೆಟೀಸನು ಸೂಚಿಸಿದ್ದ, ನಮ್ಮ ಕವಿಗೆ ತನ್ನವರ ಮನೆಯ ಊಟವೂ ತಪ್ಪಿತು.

ಇದು ಹಳೆಯ ಕಾಲದ ಮಾತೆನ್ನುವವರು 1919ರ ಪ್ರಸಂಗವನ್ನು ನೋಡಲಿ. ಪಂಡಿತ ಬೇಚರದಾಸ ದೋಶಿಯವರು ಮುಂಬಯಿಯಲ್ಲಿ ಮಾಡಿದ ಉಪನ್ಯಾಸದಲ್ಲಿ ದೇವದ್ರವ್ಯದ ರೂಢಿಯನ್ನೂ ಆಗಮಗಳನ್ನು ಜನರಿಂದ ದೂರವಿಟ್ಟದ್ದನ್ನೂ ಪ್ರಶ್ನಿಸಿದರು. ಅಹಮದಾಬಾದಿನ ಶ್ವೇತಾಂಬರ ಸಂಘ ಅವರನ್ನು ಬಹಿಷ್ಕರಿಸಿತು. ಅವರು ಮುಂದೆ ಗುಜರಾತ್ ವಿದ್ಯಾಪೀಠದಲ್ಲಿ ಪಂಡಿತ ಸುಖಲಾಲರೊಡನೆ ಸಿದ್ಧಸೇನ ದಿವಾಕರರ ‘ಸನ್ಮತಿ ತರ್ಕ’ವನ್ನು ಸಂಪಾದಿಸಿದರು. ಆಗಮವನ್ನು ಕೆಡಿಸಿದನೆಂದು ಸಮಾಜ ಹೊರಗಟ್ಟಿದವರೇ ಆ ಸಮಾಜದ ದೊಡ್ಡ ತರ್ಕಗ್ರಂಥಗಳಲ್ಲೊಂದನ್ನು ಶುದ್ಧ ಪಾಠದಲ್ಲಿ ಉಳಿಸಿಕೊಟ್ಟರು.

ಇಂದು ನಮ್ಮಲ್ಲಿ ಬಹಿಷ್ಕಾರದ ಠರಾವು ಹೊರಡುವುದಿಲ್ಲ. ಮುಂಬಯಿ ಪ್ರಾಂತ 1949ರಲ್ಲಿ ಬಹಿಷ್ಕಾರ ನಿಷೇಧದ ಕಾಯಿದೆ ತಂದಿತು, 1962ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ರದ್ದುಮಾಡಿತು, 2016ರಲ್ಲಿ ಮಹಾರಾಷ್ಟ್ರ ಸಾಮಾಜಿಕ ಬಹಿಷ್ಕಾರದ ವಿರುದ್ಧ ಹೊಸ ಕಾಯಿದೆ ಮಾಡಿತು. ಠರಾವು ಬರೆದರೆ ಕಾಯಿದೆಗೆ ಸಿಕ್ಕಿಬೀಳುವ ಭಯವಿದೆ, ಬರೆಯದೆಯೇ ಕೆಲಸವಾಗುತ್ತದೆ. ಬಸದಿಯ ಲೆಕ್ಕವನ್ನು ಕೇಳಿದವನು, ಕಲಶದ ಸವಾಲಿನಲ್ಲಿ ಹಣವಂತನಿಗೇ ಮೊದಲ ಸ್ಥಾನವೇಕೆಂದವನು, ಎಳೆಯ ಮಕ್ಕಳ ದೀಕ್ಷೆ ಸಲ್ಲದೆಂದವನು, ಅಭಿಷೇಕಕ್ಕೆ ನಮಗೇಕೆ ಅವಕಾಶವಿಲ್ಲವೆಂದ ಹೆಣ್ಣುಮಗಳು, ಇವರಲ್ಲಿ ಯಾರಿಗೂ ಯಾರೂ ನೋಟೀಸು ಕೊಡುವುದಿಲ್ಲ. ವಾಟ್ಸಾಪ್ ಗುಂಪಿನಿಂದ ಹೆಸರು ಮಾಯವಾಗುತ್ತದೆ. ಪಂಚಕಲ್ಯಾಣದ ಆಮಂತ್ರಣ ಮನೆಗೆ ಬರುವುದಿಲ್ಲ. ಮಗಳಿಗೆ ನೋಡಿದ ಸಂಬಂಧ ಕಾರಣ ಹೇಳದೆ ಮುರಿಯುತ್ತದೆ. ‘ಅವರು ಮುನಿನಿಂದಕರಂತೆ’ ಎಂಬ ಮಾತು ಚೆನ್ನೈಯಿಂದ ಹುಬ್ಬಳ್ಳಿಗೆ, ಹುಬ್ಬಳ್ಳಿಯಿಂದ ಸಾಂಗ್ಲಿಗೆ ಹೋಗಿ ಬರುತ್ತದೆ. ಆ ‘ಅಂತೆ’ಯನ್ನು ಆಡಿದವರು ಯಾರು? ಅವರನ್ನು ಕರೆದು ಕೇಳಲಾಗದು. ಸಾಕ್ರೆಟೀಸನು ಹೆದರಿದ ಹಳೆಯ ಆಪಾದಕರು ಇವರೇ. ಅವರ ಮಾತು ಊರಿಡೀ ಹಬ್ಬಲು ಆಗ ಇಪ್ಪತ್ತನಾಲ್ಕು ವರ್ಷಗಳಿದ್ದವು, ಈಗ ಒಂದು ಮಧ್ಯಾಹ್ನ ಸಾಕು.

ಹೊರನಾಡಿನ ಸಣ್ಣ ಸಂಘಗಳಲ್ಲಿ ಇದರ ಪೆಟ್ಟು ಇನ್ನೂ ಬಲವಾದುದು. ಊರಿನಲ್ಲಿ ಒಂದು ಬಸದಿ ಮುನಿದರೆ ಇನ್ನೊಂದುಂಟು, ಬಂಧುಗಳುಂಟು. ಗಿಂಡಿಯಂತಹ ಕಡೆ ನಮ್ಮ ನುಡಿಯ, ನಮ್ಮ ಆಚರಣೆಯ ಹತ್ತಾರು ಮನೆಗಳೇ ಮಕ್ಕಳಿಗೆ ಊರು. ಆ ಮನೆಗಳ ಬಾಗಿಲು ಮುಚ್ಚಿದರೆ ಹೋಗುವುದೆಲ್ಲಿಗೆ? ಹಾಗಾಗಿ ಹೆಚ್ಚಿನವರು ಪ್ರಶ್ನೆಯನ್ನು ನುಂಗಿಕೊಳ್ಳುತ್ತಾರೆ. ಮಕ್ಕಳು ಇದನ್ನು ನೋಡುತ್ತಾರೆ. ಅವರು ಜಗಳವಾಡದೆ, ಸದ್ದಿಲ್ಲದೆ, ಬಸದಿಗೆ ಬರುವುದನ್ನು ನಿಲ್ಲಿಸುತ್ತಾರೆ. ಆಮೇಲೆ ಯುವಜನರಿಗೆ ಧರ್ಮಶ್ರದ್ಧೆಯಿಲ್ಲವೆಂದು ಮರುಗುವ ಸಭೆಗಳನ್ನು ನಾವು ಏರ್ಪಡಿಸುತ್ತೇವೆ.

ಇದಕ್ಕೆ ಎರಡು ಆಕ್ಷೇಪಗಳು ಬರುತ್ತವೆ, ಎರಡಕ್ಕೂ ತೂಕವಿದೆ. 2011ರ ಜನಗಣತಿಯಂತೆ ದೇಶದಲ್ಲಿ ನಾವು ಸುಮಾರು 44.5 ಲಕ್ಷ, ಶೇಕಡಾ ಅರ್ಧಕ್ಕೂ ಕಡಿಮೆ. ಇಷ್ಟು ಚಿಕ್ಕ ಸಮಾಜ ಮನೆಯ ಮಾತನ್ನು ಬೀದಿಗೆ ತಂದರೆ ಉಳಿದೀತೆ ಎಂಬುದು ಒಂದು. ಇದಕ್ಕೆ ಉತ್ತರ ಆಕ್ಷೇಪದಲ್ಲೇ ಇದೆ. ಮನೆಯೊಳಗೆ ಕೇಳಲು ಜಾಗವಿದ್ದರೆ ಯಾರೂ ಬೀದಿಗೆ ಹೋಗುವುದಿಲ್ಲ. ಎಣಿಕೆಗೆ ಸಿಗುವಷ್ಟೇ ಜನರಿರುವ ಸಮಾಜ ಒಬ್ಬೊಬ್ಬರನ್ನೇ ಕಳೆದುಕೊಳ್ಳುತ್ತ ಹೋಗುವ ಐಷಾರಾಮವನ್ನು ತಾಳಲಾರದು.

ಪ್ರಶ್ನಿಸಿದವರೆಲ್ಲ ಸಾಕ್ರೆಟೀಸರಲ್ಲವೆಂಬುದು ಎರಡನೆಯದು. ನಿಜ. ಹಳೆಯ ಹಗೆಗೆ ಸುಧಾರಣೆಯ ವೇಷ ತೊಡಿಸುವವರೂ ಇದ್ದಾರೆ, ಪದವಿ ಸಿಕ್ಕೊಡನೆ ಪ್ರಶ್ನೆಯನ್ನು ಮರೆಯುವವರೂ ಇದ್ದಾರೆ. ಅಥೆನ್ಸಿನವರಿಗೂ ತಮ್ಮದೇ ಆದ ಭಯಗಳಿದ್ದವು. ವಿಚಾರಣೆಗೆ ನಾಲ್ಕೈದು ವರ್ಷಗಳ ಹಿಂದಷ್ಟೇ ಮೂವತ್ತು ಮಂದಿ ಸರ್ವಾಧಿಕಾರಿಗಳು ಆ ನಗರದಲ್ಲಿ ರಕ್ತ ಹರಿಸಿದ್ದರು. ಅವರ ಮುಖಂಡ ಕ್ರಿಟಿಯಾಸ್ ಹಿಂದೊಮ್ಮೆ ಸಾಕ್ರೆಟೀಸನ ಒಡನಾಡಿಯಾಗಿದ್ದವನು. ಜನರ ಅನುಮಾನ ಬುಡವಿಲ್ಲದ್ದಲ್ಲ. ಆದರೆ ಅದೇ ಮೂವತ್ತು ಮಂದಿ ಸಲಾಮಿಸಿನ ಲಿಯಾನ್ ಎಂಬ ನಿರಪರಾಧಿಯನ್ನು ಕೊಲ್ಲಲು ಹಿಡಿದುತರುವಂತೆ ಆಜ್ಞಾಪಿಸಿದಾಗ ಸಾಕ್ರೆಟೀಸನು ಒಪ್ಪದೆ ಮನೆಗೆ ನಡೆದುಬಿಟ್ಟಿದ್ದ. ಅದನ್ನು ಅವನು ಸಭೆಗೆ ಹೇಳಲು ಸಾಧ್ಯವಾದದ್ದು ಬಾಯಿ ಬಿಡಲು ಅವಕಾಶವಿದ್ದುದರಿಂದ. ಯಾರು ಸಾಕ್ರೆಟೀಸ್, ಯಾರು ಜಗಳಗಂಟ ಎಂಬುದು ಕೇಳುವ ಮುಂಚೆ ತಿಳಿಯುವುದಿಲ್ಲ, ತಿಳಿಯುವುದಕ್ಕಾಗಿಯೇ ಕೇಳಬೇಕು.

ಅಥೆನ್ಸು ತಪ್ಪು ತೀರ್ಪು ಕೊಟ್ಟಿತು, ಆದರೂ ಅದರ ಪದ್ಧತಿಯಲ್ಲಿ ನಮ್ಮಲ್ಲಿಲ್ಲದ ಕೆಲವು ಸಂಗತಿಗಳಿದ್ದವು. ಆಪಾದನೆ ಲಿಖಿತವಾಗಿತ್ತು. ಆಪಾದಕನು ಹೆಸರು ಹೇಳಿ ಎದುರು ನಿಲ್ಲಬೇಕಾಗಿತ್ತು. ಐದನೆಯ ಒಂದು ಭಾಗದಷ್ಟು ಮತಗಳೂ ಬೀಳದಿದ್ದರೆ ಅವನೇ ಸಾವಿರ ದ್ರಾಕ್ಮಾ ದಂಡ ತೆರಬೇಕಾಗಿತ್ತು. ಇಬ್ಬರ ಮಾತಿಗೂ ನೀರಿನ ಗಡಿಯಾರದಿಂದ ಸಮಯ ಅಳೆಯುತ್ತಿದ್ದರು. ಸಾಕ್ರೆಟೀಸನಿಗೆ ದೊರೆತ ಸಮಯ ಸಾಲಲಿಲ್ಲ. 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದ ತಮ್ಮ ಮನೆಯಲ್ಲಿ ಗುಂಡಿಗೆ ಬಲಿಯಾದ ಎಂ. ಎಂ. ಕಲಬುರ್ಗಿಯವರಿಗೆ ಅಷ್ಟೂ ಸಿಗಲಿಲ್ಲ. ಅವರು 1989ರಲ್ಲೇ ತಮ್ಮ ಸಂಶೋಧನೆಯ ಮಾತನ್ನು ಒತ್ತಡಕ್ಕೆ ಮಣಿದು ಹಿಂತೆಗೆದುಕೊಂಡವರು. ಕೇಳುವ ಸಭೆಯೇ ಇಲ್ಲದ ಸಮಾಜದಲ್ಲಿ ಕೊನೆಗೆ ಉಳಿಯುವುದು ಕೋವಿ.

ಸರಕಾರದ ರಾಜದ್ರೋಹ ಕಾನೂನಿನ ಬಗ್ಗೆ ನಮ್ಮಲ್ಲಿ ಬಿಸಿಬಿಸಿ ಚರ್ಚೆ ನಡೆಯುತ್ತದೆ. ಗಾಂಧೀಜಿಯ ಮೇಲೆ ಹೇರಿದ 124-ಎ ಕಲಮನ್ನು ಸರ್ವೋಚ್ಚ ನ್ಯಾಯಾಲಯ 2022ರ ಮೇ ತಿಂಗಳಲ್ಲಿ ತಡೆಹಿಡಿದದ್ದು, 2024ರಿಂದ ಹೊಸ ಸಂಹಿತೆಯ 152ನೆಯ ಕಲಮು ಬೇರೆ ಮಾತುಗಳಲ್ಲಿ ಅದರ ಜಾಗಕ್ಕೆ ಬಂದದ್ದು, ಇವೆಲ್ಲ ಚರ್ಚೆಗೆ ಅರ್ಹವೇ. ಆದರೆ ರಾಜ್ಯದಿಂದ ನಾವು ಕೇಳುವ ಸಹನೆಯನ್ನು ನಮ್ಮ ಬಸದಿಯ ಜಗುಲಿಯಲ್ಲಿ ನಾವೇ ಕೊಡದಿದ್ದರೆ ಆ ಕೇಳಿಕೆಗೆ ನೈತಿಕ ಬಲವೆಲ್ಲಿಂದ ಬರಬೇಕು?

ಹೊರನಾಡಿನ ನಮ್ಮ ಸಂಘಗಳು ಬರುವ ಚಾತುರ್ಮಾಸಕ್ಕೆ ಮುಂಚೆ ನಾಲ್ಕು ನಿಯಮಗಳನ್ನು ತಮ್ಮ ನಿಬಂಧನೆಗಳಲ್ಲಿ ಸೇರಿಸಿಕೊಳ್ಳಲಿ. ಯಾವ ಸದಸ್ಯರ ವಿರುದ್ಧವೂ ಸಹಿಯಿಲ್ಲದ ದೂರನ್ನು ಕಾರ್ಯಕಾರಿ ಸಮಿತಿ ಸ್ವೀಕರಿಸಬಾರದು, ಸಭೆಯಲ್ಲಿ ಪ್ರಸ್ತಾಪಿಸಲೂಬಾರದು. ದೂರಿಗೆ ಒಳಗಾದವರಿಗೆ ದೂರಿದವರಷ್ಟೇ ಸಮಯವನ್ನು ಕೊಟ್ಟು, ಅವರ ಉತ್ತರವನ್ನು ನಡಾವಳಿಯಲ್ಲಿ ಪೂರ್ತಿಯಾಗಿ ದಾಖಲಿಸಬೇಕು. ವಾರ್ಷಿಕ ಮಹಾಸಭೆಯಲ್ಲಿ ಒಂದು ಗಂಟೆ, ಲೆಕ್ಕಪತ್ರವೂ ಸೇರಿದಂತೆ, ಯಾವ ವಿಷಯದ ಬಗ್ಗೆಯಾದರೂ ಪ್ರಶ್ನೆ ಕೇಳಲು ಮೀಸಲಾಗಿರಬೇಕು. ಹೆಣ್ಣುಮಕ್ಕಳಿಗೂ ಹದಿನೆಂಟು ದಾಟಿದ ಎಲ್ಲರಿಗೂ ಅದು ತೆರೆದಿರಬೇಕು. ಸಂಘದ ವಾಟ್ಸಾಪ್ ಗುಂಪಿನಿಂದ ಯಾರನ್ನಾದರೂ ತೆಗೆದರೆ ತೆಗೆದವರ ಹೆಸರನ್ನೂ ಕಾರಣವನ್ನೂ ಅದೇ ಗುಂಪಿನಲ್ಲಿ ಬರೆಯಬೇಕು. ಇದಕ್ಕೆ ಹಣ ಬೇಡ, ಕಟ್ಟಡ ಬೇಡ, ಯಾವ ಮುನಿಗಳ ಅಪ್ಪಣೆಯೂ ಬೇಕಿಲ್ಲ.

ಕ್ಷಮಾವಾಣಿಯ ದಿನ ನಾವು ನೂರಾರು ಜನರಿಗೆ ಒಂದೇ ಸಂದೇಶವನ್ನು ಕಳಿಸಿ ಕ್ಷಮೆ ಯಾಚಿಸುತ್ತೇವೆ. ಆ ಪಟ್ಟಿಯಲ್ಲಿ ಇರುವವರೆಲ್ಲ ಸಾಮಾನ್ಯವಾಗಿ ನಮ್ಮೊಡನೆ ಚೆನ್ನಾಗಿಯೇ ಇರುವವರು. ಈ ವರ್ಷ, ಪ್ರಶ್ನೆ ಕೇಳಿದ ಕಾರಣಕ್ಕೆ ನಮ್ಮ ಸಂಘದಿಂದ ದೂರವಾದ ಒಂದು ಮನೆಯನ್ನು ನೆನಪಿಸಿಕೊಂಡು, ಅಲ್ಲಿಗೆ ಖುದ್ದಾಗಿ ಹೋಗಿ, ಅವರು ಅಂದು ಕೇಳಿದ್ದೇನೆಂಬುದನ್ನು ಕುಳಿತು ಪೂರ್ತಿಯಾಗಿ ಕೇಳೋಣ. ಒಪ್ಪುವುದೂ ಬಿಡುವುದೂ ಆಮೇಲಿನ ಮಾತು.